ಗುರಪ್ಪ ಕಾಕಾನ ವಿಲಾಯತಿ ಗಿಣ್ಣ

ತಡೆಯಿರಿ, ಈಗಲೇ ಬಾಯಿಗಿಡಬೇಡಿ. ಈ ಚೆಡ್ಡರ್ ಚೀಜಿನ ತುಂಡನ್ನು ಈಗಷ್ಟೇ ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ, ಇನ್ನೂ ಅದಕ್ಕೆ ವಾಸನೆಯೇ ಬಂದಿಲ್ಲ. ತಣ್ಣಗಿರುವಷ್ಟು ಹೊತ್ತು ಅದು ಮೇಣದ ಗಡ್ಡೆಯ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಮನೆಯ ಬಿಸುಪು ಒಳಗಿಳಿದು ಮೈಮೇಲೆ ಸಣ್ಣಗೆ ಜಿಡ್ಡು ಬೆವರಿತೆಂದರೆ ಆಗ ನೋಡಿ, ಮೊದಲು ಕಾಸಿದ ಬೆಣ್ಣೆಯ ವಾಸನೆ, ಅದರ ಹಿಂದೆ ಒಣಮೇವಿನದು, ಅದಕ್ಕೂ ಹಿಂದೆ, ಮೂಗು ಹತ್ತಿರ ತಂದವರಿಗೆ ಮಾತ್ರ, ದನ ಕಟ್ಟಿದ ಅಂಕಣದ ಮಣ್ಣುಗೋಡೆಯ ತಂಪು ವಾಸನೆ. ಈ ಮೂರನೆಯದು ಬಂದಾಗ ನಾನು ಹುಬ್ಬಳ್ಳಿಯ ಈ ಮನೆಯಲ್ಲಿ ಇರುವುದಿಲ್ಲ. ಗಜೇಂದ್ರಗಡದ ಗುಡ್ಡದ ಕೆಳಗೆ, ಮಣ್ಣಿನ ಮಾಳಿಗೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಲಂಗ ಮಡಚಿಕೊಂಡು ಕೂತಿರುತ್ತೇನೆ. ಎದುರಿಗೆ ಗುರಪ್ಪ ಕಾಕಾ ಕೈ ಆಡಿಸುತ್ತ ಇಂಗ್ಲೆಂಡಿನ ಚೀಜುಗಳ ಕಥೆ ಹೇಳುತ್ತಿರುತ್ತಾನೆ.

ಚೀಜಿನ ವಿದ್ಯೆಯನ್ನು ನಾನು ಯಾವ ಶಾಲೆಯಲ್ಲೂ ಕಲಿತಿಲ್ಲ. ಸಿಕ್ಕ ಪುಸ್ತಕ ಓದಿ, ಹಾಲು ಕೆಡಿಸಿ, ಮತ್ತೆ ಕಾಸಿ, ಮನೆಯವರಿಂದ ಬೈಸಿಕೊಂಡು ಕಲಿತದ್ದು. ಆದರೆ ಹುಚ್ಚು ಹಚ್ಚಿದವನು ಕಾಕಾ. ಅಪ್ಪನ ತಮ್ಮ. ಸಣ್ಣ ವಯಸ್ಸಿನಲ್ಲೇ ಬೆಳಗಾವಿಯ ಕ್ಯಾಂಪಿನಲ್ಲಿ ಒಬ್ಬ ಇಂಗ್ಲಿಷ್ ಸಾಹೇಬರ ಬಂಗಲೆಗೆ ಅಡುಗೆಯ ಕೆಲಸಕ್ಕೆ ಹೋದವನು. ಸಾಹೇಬರ ಹೆಂಡತಿ ಚೆಡ್ಡರ್ ಎಂಬ ಊರಿನ ಆಸುಪಾಸಿನ ಒಕ್ಕಲುಮನೆಯ ಮಗಳಂತೆ. ತವರಿನ ನೆನಪಾದಾಗಲೆಲ್ಲ ಹಾಲು ತರಿಸಿ ಚೀಜು ಮಾಡುತ್ತಿದ್ದರಂತೆ, ಜೊತೆಗೆ ಕಾಕಾ. ದೇಶ ಸ್ವತಂತ್ರವಾಗಿ ಅವರು ಹೊರಟುಹೋದ ಮೇಲೆ ಅಲ್ಲೇ ಒಂದು ಹೋಟೆಲಿನಲ್ಲಿ ಕೆಲವು ವರ್ಷ ದುಡಿದು, ಕೊನೆಗೆ ಒಂದು ತಗಡಿನ ಟ್ರಂಕು ಹೊತ್ತುಕೊಂಡು ನರಗುಂದ, ರೋಣದ ಮೇಲಿಂದ ಬಸ್ಸಿನಲ್ಲಿ ಮನೆಗೆ ಬಂದ. ನಾನು ಆಗ ಎರಡನೆಯ ಇಯತ್ತೆಯಲ್ಲಿದ್ದೆ. ಟ್ರಂಕಿನಲ್ಲಿ ಬಂಗಾರ ಇರಬಹುದೆಂದು ಕೇರಿಯವರೆಲ್ಲ ಅಂದುಕೊಂಡಿದ್ದರು. ಇದ್ದದ್ದು ಎರಡು ಧೋತರ, ಮೆತ್ತನೆಯ ಸೋಸುವ ಬಟ್ಟೆಗಳು, ಕಟ್ಟಿಗೆಯ ಹಿಡಿಕೆಯ ಒಂದು ಉದ್ದ ಚಾಕು.

ಸಂಜೆ ಅಪ್ಪ ಪೇಟೆಯ ಅಂಗಡಿಯಲ್ಲಿರುವಾಗ, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಾಗ, ಆಯಿ ಹಸು ಗೌರಿಯ ಎಳೆಗರುವನ್ನು ಮಗ್ಗುಲಲ್ಲಿ ಕಟ್ಟಿಕೊಂಡು ಅದರ ಕೊರಳು ತುರಿಸುತ್ತ ಕೂತಿರುವಾಗ, ಕಾಕಾ ಶುರುಮಾಡುತ್ತಿದ್ದ. ಆಯಿ ಎಂದರೆ ಅಪ್ಪನ, ಕಾಕಾನ ತಾಯಿ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಮಾತು ಮಾತ್ರ ಕಟಕಟ ಕಡಿಯುತ್ತಿತ್ತು.

“ಪಾರೀ, ಚೀಜು ಅಂದ್ರ ಒಂದ ಅಲ್ಲವಾ. ನಮ್ಮಲ್ಲಿ ಮುಂಗಾರಿ ಜ್ವಾಳ ಬ್ಯಾರೆ, ಹಿಂಗಾರಿ ಜ್ವಾಳ ಬ್ಯಾರೆ ಇಲ್ಲೇನು? ಹಂಗ ಅವರಲ್ಲಿ ಊರಿಗೊಂದು ಚೀಜು” ಎನ್ನುತ್ತಿದ್ದ. ಚೆಶೈರ್ ಎಂಬ ಸೀಮೆಯ ನೆಲದೊಳಗೇ ಉಪ್ಪಿದೆಯಂತೆ, ಅಲ್ಲಿಯ ಚೀಜು ಕೈಯಲ್ಲಿ ಹಿಡಿದರೆ ಉದುರುತ್ತದಂತೆ. ಲ್ಯಾಂಕಶೈರಿನವರು ನಿನ್ನೆಯ ಹೆಪ್ಪನ್ನೂ ಇವತ್ತಿನ ಹೆಪ್ಪನ್ನೂ ಕೂಡಿಸಿ ಒಂದೇ ಅಚ್ಚಿಗೆ ತುಂಬುತ್ತಾರಂತೆ. ವೇಲ್ಸ್ ಸೀಮೆಯಲ್ಲಿ ಕಲ್ಲಿದ್ದಲಿನ ಗಣಿಗೆ ಇಳಿಯುವವರು ಕೇರ್ಫಿಲಿ ಎಂಬ ಬೆಳ್ಳನೆಯ ಚೀಜನ್ನು ಬುತ್ತಿಗೆ ಒಯ್ಯುತ್ತಾರಂತೆ, ಬೆವರಿನಲ್ಲಿ ಹೋದ ಉಪ್ಪು ಅದರಿಂದ ಮೈಗೆ ಬರುತ್ತದಂತೆ. ಸ್ಟಿಲ್ಟನ್ ಎಂಬುದರ ಒಳಗೆ ನೀಲಿ ನರಗಳು. ಅದನ್ನು ಸೂಜಿಯಿಂದ ಚುಚ್ಚಿ ಗಾಳಿ ಕುಡಿಸುತ್ತಾರೆ. ಸ್ಟಿಲ್ಟನ್ ಊರಿನಲ್ಲಿ ಅದನ್ನು ಮಾಡುವುದೇ ಇಲ್ಲ, ಮಾರಿದ್ದಷ್ಟೇ ಅಲ್ಲಿ ಎಂದಾಗ ನಾನು ನಂಬಲಿಲ್ಲ.

“ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಬ್ಯಾಡಗ್ಯಾಗ ಬೆಳೀತಾವೇನು? ಪ್ಯಾಟಿ ಹೆಸರ ಮಾಲಿಗೆ ಅಂಟತೈತಿ” ಎಂದು ನಕ್ಕ.

ಗ್ಲಾಸ್ಟರ್ ಕಡೆಯ ಒಂದು ಗುಡ್ಡದಲ್ಲಿ ಗಾಲಿಯಂಥ ಇಡೀ ಚೀಜನ್ನು ಮೇಲಿನಿಂದ ಉರುಳಿಬಿಟ್ಟು ಜನ ಅದರ ಹಿಂದೆ ಓಡುತ್ತಾರೆ ಎಂದ ದಿನ ನಾನು ನಮ್ಮ ಗುಡ್ಡವನ್ನೇ ನೋಡುತ್ತ ನಿಂತುಬಿಟ್ಟೆ.

“ತಿನ್ನೂದನ್ನ ಉಳ್ಳಿಸ್ತಾರ? ಹೊಟ್ಟಿ ತುಂಬಿದವರ ಆಟ ಬಿಡು” ಎಂದಳು ಆಯಿ.

“ಹಿಂದ ಓಡಿ ಬಿದ್ದು ಕಾಲು ಮುರಕೋತಾರ ಬೇ ಯವ್ವಾ.”

“ಹಂಗಾದ್ರ ಚಲೋ ಆತು.”

ಹೀಗೆ ನಗುನಗುತ್ತ ನಡೆದಿದ್ದ ಮಾತು ಒಂದು ಸಂಜೆ ಅಡ್ಡ ಬಿತ್ತು. ಅವ್ವ ಒಲೆಯ ಕಡೆಯಿಂದಲೇ, ಕೇಳಬೇಕೆಂದೇನೂ ಇಲ್ಲದೆ ಕೇಳಿದಳು: “ಅಲ್ರೀ, ಹಾಲು ಅಷ್ಟು ಗಟ್ಟಿ ಆಗಬೇಕಂದ್ರ ಹೆಪ್ಪು ಏನು ಹಾಕ್ತಾರ? ಮಜ್ಜಿಗಿನ?”

ಕಾಕಾ ಹುಮ್ಮಸ್ಸಿನಲ್ಲಿದ್ದ. “ಮಜ್ಜಿಗಿ ಸಾಲೂದಿಲ್ರಿ ವೈನಿ. ಹಾಲು ಕುಡಿಯೂ ಎಳೆಗರುವಿನ ಹೊಟ್ಟ್ಯಾಗ ಒಂದು ಪದರ ಇರತೈತಿ. ಅದನ್ನ ಒಣಗಿಸಿ, ನೀರಾಗ ನೆನಸಿ...”

ಅಲ್ಲಿಗೆ ನಿಂತ. ಆಯಿಯ ಕೈ ಕರುವಿನ ಕೊರಳ ಮೇಲಿತ್ತು, ತುರಿಸುವುದು ನಿಂತಿತ್ತು. ನಮ್ಮದು ವಿಭೂತಿ ಹಚ್ಚಿಕೊಂಡು ಪೂಜೆ ಮಾಡದೆ ನೀರು ಕುಡಿಯದ ಮನೆತನ.

“ಅದನ್ನ ನೀ ಮುಟ್ಟಿದ್ದಿ?”

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಆಯಿ ನಂಬುತ್ತಿದ್ದಳು ಎಂದು ಈಗಲೂ ನನಗೆ ಅನ್ನಿಸುತ್ತದೆ. “ಮುಟ್ಟೀನಿ ಬೇ” ಎಂದ ಕಾಕಾ.

ಆಯಿ ಬೈಯಲಿಲ್ಲ, ಮನೆಯಿಂದ ಹೋಗು ಎನ್ನಲಿಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ರಾತ್ರಿ ಊಟಕ್ಕೆ ಕೂತಾಗ ತಾಯಿಯ ತಾಟಿಗೆ ಮೊದಲ ರೊಟ್ಟಿಯನ್ನು ಕಿರಿಯ ಮಗ ಹಾಕಬೇಕು. ಕಾಕಾ ಬೆಳಗಾವಿಯಲ್ಲಿದ್ದಷ್ಟು ವರ್ಷ ಆಯಿ ಯಾರಿಂದಲೂ ಹಾಕಿಸಿಕೊಳ್ಳದೆ ತಾನೇ ತೆಗೆದುಕೊಳ್ಳುತ್ತಿದ್ದಳಂತೆ. ಅವನು ಬಂದ ದಿನದಿಂದ ಮತ್ತೆ ಅವನ ಕೈಯಿಂದಲೇ. ಆ ರಾತ್ರಿ ಕಾಕಾ ರೊಟ್ಟಿ ಹಿಡಿದು ಬಾಗಿದಾಗ ಆಯಿ ತನ್ನ ಸುಕ್ಕಾದ ಅಂಗೈಯನ್ನು ತಾಟಿನ ಮೇಲೆ ಮುಚ್ಚಿದಳು, ಅಷ್ಟೇ. ಅವನು ರೊಟ್ಟಿಯನ್ನು ಬುಟ್ಟಿಗೇ ಹಾಕಿ ತನ್ನ ಜಾಗಕ್ಕೆ ಹೋಗಿ ಕೂತ. ಮರುದಿನವೂ ಹಾಗೇ ಆಯಿತು. ಆಮೇಲೆ ಅವನು ಬಾಗುವುದನ್ನೇ ಬಿಟ್ಟ. ಅಡುಗೆಮನೆಯ ಹೊಸ್ತಿಲನ್ನೂ ದಾಟಲಿಲ್ಲ, ಅಲ್ಲಿಯ ಪಾತ್ರೆಗಳನ್ನೂ ಮುಟ್ಟಲಿಲ್ಲ. ಚೀಜಿನ ಕಥೆಗಳೂ ನಿಂತವು. ನಾನು ಕಾಡಿದರೆ ಅಂಗಳದ ಕಡೆ ನೋಡುತ್ತ, “ಸಾಯೇಬರಿಗೆ ಅಷ್ಟು ವರ್ಷ ಉಣಿಸಿದೆ ಪಾರೀ, ಹಡದಾಕಿಗೆ ಒಂದು ತುತ್ತು ಉಣಿಸಾಕ ಆಗವಲ್ದು. ಆಕೀಗೆ ವಯಸ್ಸಾತು. ನನಗ ಅದೊಂದ ಚಿಂತಿ” ಎನ್ನುತ್ತಿದ್ದ.

ಹಿಂಗಾರಿ ಜೋಳ ತೆನೆ ಬಿಡುವ ಚಳಿಯ ದಿನಗಳು. ಮುಶಿಗೇರಿಯ ನಮ್ಮ ಹೊಲದ ಕುಸುಬಿ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ನೆನೆಹಾಕಿ, ಒರಳಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬೆಳ್ಳಗೆ ಹಾಲು ಬರುತ್ತದೆ. ಗೋದಿ, ಬೆಲ್ಲ ಹಾಕಿ ಅದರಿಂದ ಕುಸುಬಿ ಹುಗ್ಗಿ ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಬೆಳಿಗ್ಗೆ ಅವ್ವ ಹುಗ್ಗಿಗೆಂದು ಕುಸುಬಿ ಹಾಲು ಹಿಂಡಿ ತೆಗೆದು, ಪಾತ್ರೆಯ ತಳದಲ್ಲಿ ಉಳಿದ ಸ್ವಲ್ಪವನ್ನು ಮರೆತು, ಅದೇ ಪಾತ್ರೆಗೆ ಗೌರಿಯ ಬೆಚ್ಚನೆಯ ನೊರೆಹಾಲನ್ನು ಸುರಿದಿಟ್ಟು ನೀರಿಗೆ ಹೋದಳು. ತಿರುಗಿ ಬಂದು ನೋಡಿದರೆ ಹಾಲು ಅಲುಗುತ್ತಿಲ್ಲ.

“ಅಯ್ಯ, ಒಡೀತಲ್ಲ!” ಎಂದಳು ಅವ್ವ. ಹಾಲು ಒಡೆಯುವುದು ನಮ್ಮಲ್ಲಿ ಅಪಶಕುನ. ಆಯಿ ಕೂತಲ್ಲಿಂದಲೇ, “ಎಮ್ಮಿ ಮುಸುರಿಗೆ ಹಾಕು, ಯಾರಿಗೂ ಹೇಳಬ್ಯಾಡ” ಎಂದಳು. ಅವ್ವ ಪಾತ್ರೆ ಎತ್ತಿಕೊಂಡು ಪಡಸಾಲೆಗೆ ಬಂದದ್ದೇ ಕಾಕಾ ಜಿಗಿದು ಎದ್ದ.

“ವೈನೀ, ಚೆಲ್ಲಬ್ಯಾಡ್ರಿ! ಕೆಳಗಿಡ್ರಿ. ಪಾರೀ, ನಿನ್ನ ಬಳ್ಳು ಅದರಾಗ ಇಳಿಬಿಟ್ಟು ಮ್ಯಾಲೆತ್ತು.”

ಅವನು ಮುಟ್ಟುವಂತಿರಲಿಲ್ಲವಲ್ಲ, ನಾನೇ ಬೆರಳು ಇಳಿಬಿಟ್ಟೆ. ಬೆಚ್ಚಗಿತ್ತು, ಕರು ಹಾಕಿದ ಹೊಸತರಲ್ಲಿ ಕಾಸುವ ಗಿಣ್ಣದಂತೆ ಮೆತ್ತಗಿತ್ತು. ಎತ್ತಿದರೆ ಅದು ಚೂರುಚೂರಾಗಲಿಲ್ಲ. ಗೆರೆ ಕೊರೆದಂತೆ ನೆಟ್ಟಗೆ ಸೀಳಿತು, ಸೀಳಿನಲ್ಲಿ ತಿಳಿಹಸಿರು ನೀರು ನಿಂತಿತು. ಕಾಕಾನ ಕಣ್ಣು ನೋಡಬೇಕಿತ್ತು ನೀವು. ನಿಂಬೆಹಣ್ಣು, ಹುಳಿಮಜ್ಜಿಗೆ, ಅತ್ತಿಯ ಮರದ ಹಾಲು, ಕರುವಿನದಲ್ಲದ ಹೆಪ್ಪು ಹುಡುಕುತ್ತ ಬೇರೆಯವರ ಹಿತ್ತಿಲಲ್ಲಿ ಕೂತು ಎಲ್ಲವನ್ನೂ ಹಾಕಿ ನೋಡಿ ಸೋತಿದ್ದನಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

“ಒಡದಿಲ್ಲ ಬೇ ಯವ್ವಾ, ಹೆಪ್ಪಾಗೈತಿ! ಕರುವಿಲ್ಲ, ಏನಿಲ್ಲ. ನಿನ್ನ ಹೊಲದ ಕುಸುಬಿಲೇ ಆಗೈತಿ!”

ಆಯಿ ಎದ್ದು ಬಂದಳು. ಪಾತ್ರೆಯನ್ನು ನೋಡಿದಳು, ಮೂಸಿದಳು. ಮಗನ ಮುಖವನ್ನು ಬಹಳ ದಿನಗಳ ಮೇಲೆ ನೆಟ್ಟಗೆ ನೋಡಿದಳು. “ನಿನ್ನ ಮಾತು ನಂಬೂದಿಲ್ಲ ನಾ. ನಾಳಿ ಕುಸುಬಿ ನಾನ ರುಬ್ಬತೀನಿ. ನನ್ನ ಕಣ್ಣಮುಂದ ಮಾಡು. ಬ್ಯಾರೆ ಏನರ ಹಾಕಿದ್ರ ನೋಡು ಮತ್ತ” ಎಂದಳು.

ಹೀಗೆ ಮರುದಿನ ಪಡಸಾಲೆಯ ನಡುವೆ ಹಾಲಿನ ಪಾತ್ರೆ, ಆಚೆಗೆ ಮಗ, ಈಚೆಗೆ ಕಾವಲು ಕೂತ ತಾಯಿ. ಚೆಡ್ಡರ್ ಮಾಡು ಎಂದು ನಾನು ಹಟ ಹಿಡಿದೆ. ಕಾಕಾ ಒಪ್ಪಲಿಲ್ಲ. ಅದು ಹದಕ್ಕೆ ಬರಲು ವರ್ಷ ಬೇಕು, ಗಟ್ಟಿಯೂ ಆಗುತ್ತದೆ. ಗಣಿಯವರ ಕೇರ್ಫಿಲಿಯಾದರೆ ಬೇಗ ಆಗುತ್ತದೆ, ಹಲ್ಲಿಲ್ಲದ ಬಾಯಲ್ಲಿ ಕರಗುತ್ತದೆ. ಅದನ್ನು ಆಯಿಗೆ ಕೇಳಿಸುವಂತೆ ಹೇಳಲಿಲ್ಲ, ನನ್ನ ಕಿವಿಯಲ್ಲಿ ಹೇಳಿದ. ಹಾಲನ್ನು ಕರುವಿನ ಬಾಯಿಗೆ ಬರುವಾಗಿನಷ್ಟೇ ಬೆಚ್ಚಗೆ ಮಾಡಿ, ಒಂದಿಷ್ಟು ಮಜ್ಜಿಗೆ ಬೆರೆಸಿ, ಆಯಿ ಅಳೆದು ಕೊಟ್ಟ ಕುಸುಬಿ ಹಾಲು ಹಾಕಿದ. ಕೂತುಕೊಂಡ ಹೆಪ್ಪನ್ನು ಉದ್ದ ಚಾಕುವಿನಿಂದ ಕಲ್ಲುಸಕ್ಕರೆಯಷ್ಟು ಚೂರುಗಳಾಗಿ ಕೊಯ್ದು, ಮೊಣಕೈವರೆಗೆ ಕೈ ಇಳಿಸಿ ಮೆಲ್ಲಗೆ, ಮಲಗಿದ ಕೂಸನ್ನು ಹೊರಳಿಸುವಂತೆ ತಿರುವಿದ. ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ, ಮೇಲೆ ಒರಳಿನ ಗುಂಡು ಹೇರಿದ. ಉಪ್ಪುನೀರಿನಲ್ಲಿ ಒಂದು ರಾತ್ರಿ ಮುಳುಗಿಸಿ, ಆಮೇಲೆ ಬೆಳಕು ಬಾರದ ಒಳಕೋಣೆಯಲ್ಲಿ ಹಲಗೆಯ ಮೇಲಿಟ್ಟ. ಆಯಿ ಕುಸುಬಿ ರುಬ್ಬಿ ಮುಗಿಸಿದ್ದರೂ ಎದ್ದು ಹೋಗಲಿಲ್ಲ. ಆ ಸಾಹೇಬರ ಹೆಂಡತಿಗೆ ಮಕ್ಕಳಿದ್ದವೇ, ಆಕೆಯ ತಾಯಿ ಇದ್ದಳೇ, ನಿನಗೆ ಜ್ವರ ಬಂದಾಗ ಯಾರು ನೋಡುತ್ತಿದ್ದರು ಎಂದೆಲ್ಲ ಕೇಳಿದಳು. ಅಷ್ಟು ವರ್ಷ ಕೇಳಿರದ್ದನ್ನು ಆ ಒಂದು ಮಧ್ಯಾಹ್ನ ಕೇಳಿದಳು.

ಚೀಜನ್ನು ದಿನವೂ ಹೊರಳಿಸಿ ಇಡುವುದು ನನ್ನ ಕೆಲಸವಾಯಿತು. ಅದರ ಮೈಮೇಲೆ ಮೆಲ್ಲಗೆ ಬೆಳ್ಳನೆಯ ಪುಡಿ ಮೂಡಿತು. ಹೆದರಿ ಆಯಿಯನ್ನು ಕರೆದೆ. ಬಗ್ಗಿ ನೋಡಿ, ತನ್ನ ಹಣೆಯ ವಿಭೂತಿ ಮುಟ್ಟಿ ತೋರಿಸಿ, “ಈಬತ್ತಿ ಹಚಗೊಂಡೈತಿ ನೋಡ, ನಮ್ಮ ಮನ್ಯಾಗಿಂದಂತ ಗೊತ್ತಾಗೈತಿ ಅದಕ್ಕ” ಎಂದಳು. ಆಯಿ ನಗುವುದನ್ನು ಕಾಕಾ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ.

ಚೀಜು ಕೊಯ್ದ ದಿನ ಅಪ್ಪನೂ ಅಂಗಡಿಯಿಂದ ಬೇಗ ಬಂದಿದ್ದ. ಒಳಗೆ ಮೊಸರಿನಷ್ಟು ಬಿಳುಪು, ಹಸಿ ಹುಲ್ಲಿನ ಮೇಲೆ ಮಜ್ಜಿಗೆ ಚೆಲ್ಲಿದಂಥ ವಾಸನೆ. ಆಯಿಯ ಮುಂದೆ ತಾಟಿನಲ್ಲಿ ಬಿಸಿ ಜೋಳದ ನುಚ್ಚು, ಅಂಚಿನಲ್ಲಿ ಕೆಂಪುಖಾರ. ಯಾರೂ ಬಾಯಿಗೆ ಏನೂ ಇಡಲಿಲ್ಲ. ಕಾಕಾ ಚೀಜನ್ನು ಬೆರಳಿನಿಂದ ಪುಡಿಮಾಡಿಕೊಂಡು ಬಾಗಿದ. ಬಾಗಿ, ತಾಟಿನ ಮೇಲೆ ಕೈ ತಡೆದು ನಿಂತ. ಆಯಿಯ ಕೈ ಮಡಿಲಲ್ಲೇ ಇತ್ತು. ಬೆಳ್ಳನೆಯ ಪುಡಿ ನುಚ್ಚಿನ ಮೇಲೆ ಬಿತ್ತು, ಬಿಸಿಗೆ ಅಂಚು ಕರಗಿತು. ಆಯಿ ಕಲಸಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಒಸಡಿನಿಂದ ಬಹಳ ಹೊತ್ತು ಮೆಲುಕಾಡಿಸಿದಳು. ಕಾಕಾ ಇನ್ನೂ ಬಾಗಿಯೇ ಇದ್ದ.

“ಉಪ್ಪು ಕಡಿಮಿ ಆಗೈತಿ” ಎಂದಳು ಆಯಿ. “ಮುಂದಿನ ಸಲ ನೋಡಿ ಹಾಕು. ಈಗ ರೊಟ್ಟಿ ಹಾಕು.”

ಆಮೇಲೆ ಎಷ್ಟೋ ಚಳಿಗಾಲ ನಮ್ಮ ಒಳಕೋಣೆಯಲ್ಲಿ ಆ ಬಿಳಿ ಗುಂಡು ಕೂತಿರುತ್ತಿತ್ತು. ಪ್ರತಿ ಸಲ ಆಯಿ ಉಪ್ಪು ಕಡಿಮೆ ಎಂದೋ ಹೆಚ್ಚೆಂದೋ ಹೇಳುತ್ತಿದ್ದಳು, ಒಮ್ಮೆಯೂ ಸರಿಯಾಗಿದೆ ಎನ್ನಲಿಲ್ಲ. ಕಾಕಾನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಆಯಿ ತೀರಿಕೊಂಡ ವರ್ಷ ಚಳಿ ಬಂದಾಗ ನಾನು ಕುಸುಬಿ ನೆನೆಹಾಕಲೇ ಎಂದು ಕೇಳಿದೆ. ಅವನು ಸೋಸುವ ಬಟ್ಟೆಯನ್ನು ಮಡಚುತ್ತ, “ಉಪ್ಪು ನೋಡವರು ಯಾರದಾರವಾ?” ಎಂದ. ಮತ್ತೆ ಮಾಡಲಿಲ್ಲ. ಈಗ ಕಾಕಾ ಇಲ್ಲ, ಅವ್ವ ಅಪ್ಪ ಇಲ್ಲ. ಆ ಮಾಳಿಗೆ ಇದ್ದ ಜಾಗದಲ್ಲಿ ಸಿಮೆಂಟಿನ ಮಳಿಗೆಗಳಿವೆ. ನಾನು ಅಂಗಡಿಯ ಸ್ಟಿಲ್ಟನ್ ತಿಂದಿದ್ದೇನೆ, ಚೆಶೈರ್ ತಿಂದಿದ್ದೇನೆ, ಕಾಕಾ ಹೇಳಿದ ಒಂದೊಂದು ಮಾತೂ ಖರೆ ಎಂದು ಕುಣಿದಾಡಿದ್ದೇನೆ. ಕುಸುಬಿ ಹಾಲಿನಿಂದ ನಾನೇ ಮಾಡಿಯೂ ಇದ್ದೇನೆ. ತಿಂದವರೆಲ್ಲ ಭಾಳ ಚಲೋ ಆಗಿದೆ ಎನ್ನುತ್ತಾರೆ.

ನಿಮ್ಮ ಮನೆಯಲ್ಲಿ, ರೋಣದ ಕಡೆಯಾಗಲಿ ನರಗುಂದದ ಕಡೆಯಾಗಲಿ ಇನ್ನೆಲ್ಲೇ ಆಗಲಿ, ಕುಸುಬಿ ತಾಗಿ ಹಾಲು ಹೆಪ್ಪಾದದ್ದನ್ನು ನೀವು ನೋಡಿದ್ದೀರಾ? ಎಮ್ಮೆಗೆ ಸುರಿದರೋ, ಯಾರಾದರೂ ಎತ್ತಿಟ್ಟರೋ? ನೆನಪಿದ್ದಷ್ಟು ನನಗೆ ಬರೆದು ಕಳಿಸಿ. ಮಾಡಿದವರ ಹೆಸರು ಬರೆಯಿರಿ, ಮೊದಲ ತುತ್ತು ಯಾರು ತಿಂದರೆಂದು ಬರೆಯಿರಿ, ತಿಂದವರು ಏನೆಂದರು ಎಂಬುದನ್ನು ಮಾತ್ರ ಮರೆಯಬೇಡಿ.