ಮೊಳೆಗೆ ನೇತುಹಾಕಿದ ಕೀಲಿ

ಪಾಸ್‌ವರ್ಡ್ ಕಳುವಾದರೆ ಕದ್ದವನಿಗಲ್ಲದೆ ಇನ್ಯಾರಿಗೂ ಗೊತ್ತಾಗುವುದಿಲ್ಲ. ಇದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕಿತ್ತು. ಚುಕ್ಕಿಯಕ್ಕನಿಗೆ ತಿಳಿದಿತ್ತು.

ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ರಿಪೋರ್ಟ್ ಟೈಪ್ ಮಾಡಿದವಳು. ಅಂಕಿಗಳ ನಡುವಿನ ಚುಕ್ಕಿ ಒಂದು ಸ್ಥಾನ ಆಚೀಚೆಯಾದರೂ ಹಿಡಿದುಬಿಡುತ್ತಿದ್ದಳು. ಹೆಸರು ಹಾಗೆ ಅಂಟಿತು. ಆರು ಜನಕ್ಕೂ ಒಂದೇ ಪಾಸ್‌ವರ್ಡ್ ಇದ್ದದ್ದನ್ನು ಸಹಿಸದೆ, ಮ್ಯಾನೇಜರ್ ಬೆನ್ನುಹತ್ತಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕೀಲಿ ತರಿಸಿದವಳೂ ಅವಳೇ. ಹೆಬ್ಬೆರಳ ಉಗುರಿನಷ್ಟು ಅಗಲ. ಎಲ್ಲರಿಗೂ ಒಂದೇ ಆದ ಆ ಹಳೆಯ ಪಾಸ್‌ವರ್ಡ್ ಹಾಕಿ, ಇದನ್ನು ಕಂಪ್ಯೂಟರಿಗೆ ಚುಚ್ಚಿ, ಯಾರದಾದರೂ ಸರಿ, ಒಂದು ಬೆರಳು ತಾಗಿಸಿದರಷ್ಟೇ ಆ ಕೀಲಿಯವರ ಹೆಸರಲ್ಲಿ ರಿಪೋರ್ಟ್ ತೆರೆಯುತ್ತದೆ. ಒಳಗಿನ ಚಿಪ್‌ನ ಗುಟ್ಟನ್ನು ನಕಲು ಮಾಡಲಾಗುವುದಿಲ್ಲ.

ಮರುತಿಂಗಳೇ ಒಂದು ಸುಳ್ಳು ಮೇಲ್ ಬಂತು. ರಕ್ತ ತೆಗೆಯುವಾತ ಹಿಂದುಮುಂದು ನೋಡದೆ ಪಾಸ್‌ವರ್ಡ್ ಒಪ್ಪಿಸಿಬಿಟ್ಟ. ಎಲ್ಲೋ ಕೂತ ಕಳ್ಳ ಮೂವತ್ತು ಸಲ ಬಾಗಿಲು ತಟ್ಟಿದ. ಕೀಲಿ ಕೈಲಿಲ್ಲ; ಪೆಚ್ಚುಮೋರೆ ಹಾಕಿಕೊಂಡು ಹೋದ. ಒಬ್ಬ ರೋಗಿಯ ಒಂದು ಸಾಲೂ ಹೊರಬೀಳಲಿಲ್ಲ.

ಇಷ್ಟಾದ ಮೇಲೆ ಮ್ಯಾನೇಜರ್ ಮಹಾಶಯರು ಏನು ಮಾಡಿದರು? ಯಾರಾದರೂ ಕೀಲಿ ಕಳೆದುಬಿಟ್ಟಾರೆಂದು ಬಾಗಿಲ ಪಕ್ಕ ಹಲಗೆ ಹಾಕಿಸಿ, ಆರು ಮೊಳೆ ಹೊಡೆಸಿ, ಕೆಳಗೆ ಹೆಸರು ಬರೆಸಿದರು.

"ಸಾರ್, ನಂದು ನನ್ನ ಹತ್ರಾನೇ ಇರ್ಲಿ," ಎಂದಳು ಅಕ್ಕ.

"ಖಜಾನೆ ಬೀಗದ ಕೈಯೇನಮ್ಮಾ ಅದು? ಸುಮ್ನೆ ನೇತುಹಾಕಿ. ಊಟಕ್ಕೆದ್ರೂ ಮೊಳೆ ಮೇಲೇ ಇರ್ಬೇಕು."

ರಕ್ತ ತೆಗೆಯುವಾತ ಹಲ್ಲುಕಿರಿದ: "ಕೊರಳಿಗೆ ಕಟ್ಕೊಳ್ಳಿ ಅಕ್ಕಾ, ಹಸುಗೆ ಗಂಟೆ ಕಟ್ಟಿದ ಹಾಗೆ!" ಅವಳ ಕೀಲಿಯೂ ಮೊಳೆಗೇರಿತು.

ಒಂದು ಮಧ್ಯಾಹ್ನ, ಕೆಲಸಕ್ಕೆ ಸೇರಬೇಕಿದ್ದ ಬಸ್ ಡ್ರೈವರನೊಬ್ಬನ ರಿಪೋರ್ಟಿನಲ್ಲಿ ಇನ್ನೂರ ಎಂಬತ್ತಿದ್ದ ಸಕ್ಕರೆ ನೂರೆಂಟಾಯಿತು. ತಿದ್ದಿದ ಹೊತ್ತು ಒಂದೂ ನಲವತ್ತು. ತಿದ್ದಿದವರ ಹೆಸರು ಚುಕ್ಕಿಯಕ್ಕನದು. ಆ ಹೊತ್ತಿಗೆ ಅವಳು ಮೇಲಿನ ಮಹಡಿಯಲ್ಲಿ ಮೂವರು ಸಹೋದ್ಯೋಗಿಗಳ ಜೊತೆ ಊಟದ ಡಬ್ಬಿ ಬಿಚ್ಚಿ ಕೂತಿದ್ದಳು.

"ನಿಮ್ಮ ಕೀಲೀನೇ ಸಾಕ್ಷಿ," ಎಂದರು ಮ್ಯಾನೇಜರ್. "ನಕಲು ಮಾಡೋಕಾಗಲ್ಲ ಅಂತ ನೀವೇ ಹೇಳಿದ್ರಲ್ಲಮ್ಮಾ?"

"ನಕಲು ಮಾಡೋಕಾಗಲ್ಲ ಸಾರ್. ಮೊಳೆಯಿಂದ ಎತ್ಕೊಳ್ಳೋಕಾಗುತ್ತೆ. ಇವ್ರನ್ನ ಕೇಳಿ, ನಾನು ಎಲ್ಲಿದ್ದೆ ಅಂತ."

ಜೊತೆಗೆ ಕೂತು ಉಂಡ ಮೂವರಲ್ಲಿ ಇಬ್ಬರು ಕೆಲಸವಿದೆಯೆಂದು ಎದ್ದುಹೋದರು. ಮೂರನೆಯವ, "ಟೈಮು ಸರಿಯಾಗಿ ನೆನಪಿಲ್ಲ ಸಾರ್," ಅಂದ. ಅವಳ ಡಬ್ಬಿಯ ಪಲ್ಯ ಇನ್ನೂ ಆ ಹೊಟ್ಟೆಯಲ್ಲಿ ಕರಗಿರಲಿಲ್ಲ!

ಸಂಜೆಯೇ ಕೆಲಸ ಹೋಯಿತು. ಕೈಗೆ ಕೊಟ್ಟ ಕಾಗದದಲ್ಲಿ 'ನಂಬಿಕೆಗೆ ಅರ್ಹರಲ್ಲ' ಎಂದಿದೆ. ಅದನ್ನು ಓದಿದ ಎರಡು ಲ್ಯಾಬುಗಳು ಅವಳನ್ನು ಕೂರಿಸದೆಯೇ ಕಳಿಸಿವೆ.

ಇದನ್ನು ಕೇಳಿ, "ಈ ಕೀಲಿಗೀಲಿ ಎಲ್ಲಾ ದಂಡ," ಎಂದು ನನ್ನೆದುರು ಯಾರೂ ಬಾಯಿ ಬಿಡಬೇಡಿ. ದೂರದ ಕಳ್ಳನನ್ನು ಅದು ತಡೆದಿತ್ತು. ಮೊಳೆ ಹೊಡೆದದ್ದು ಮನುಷ್ಯರು. ನಿಮ್ಮ ಹೆಸರಿನ ಕೀಲಿ ಇನ್ನೊಬ್ಬರ ಕೈಗೆಟುಕುವಲ್ಲಿದ್ದರೆ ನಾಳೆಯೇ ಎತ್ತಿ ಜೇಬಿಗಿಳಿಸಿ, ಯಾರು ಕೇಳಿದರೂ ಕೊಡಬೇಡಿ. ಇನ್ನು, ಆ ಮೂವರಲ್ಲಿ ಒಬ್ಬರು ನೀವಾಗಿದ್ದರೆ, ಒಂದೂ ನಲವತ್ತಕ್ಕೆ ಅವಳು ಎಲ್ಲಿದ್ದಳೆಂದು ಬರೆದು, ಕೆಳಗೆ ಸಹಿ ಹಾಕಿ.