ಕೊಸರಿಗೆ ಬಂದ ಪೀಚ್ ಹಣ್ಣು

ತಂಗಿಗೆ ಹೆರಿಗೆಯಾದಾಗ ಬಾಣಂತನ ಮಾಡಲು ಹಲಸೂರಿನಿಂದ ಫ್ರಾನ್ಸಿನ ಒಂದು ಹಳ್ಳಿಗೆ ಹೋದವಳು ನಾನು. ಅವಳ ಗಂಡನಿಗೆ ಅಲ್ಲಿ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಬಾಣಂತಿಯ ಕೈಯಿಂದ ತಣ್ಣೀರಿನ ಲೋಟ ಕಿತ್ತುಕೊಳ್ಳುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸೂಟ್‌ಕೇಸಿನ ತುಂಬ ಒಣಶುಂಠಿ, ಬೆಳ್ಳುಳ್ಳಿ, ಅಂಟಿನುಂಡೆ ಹೊತ್ತುಕೊಂಡು, ನಾನಿಲ್ಲದಿದ್ದರೆ ಆ ದೇಶದಲ್ಲಿ ಮಕ್ಕಳೇ ಬದುಕುವುದಿಲ್ಲವೇನೋ ಎಂಬಂತೆ ವಿಮಾನ ಹತ್ತಿದೆ.

ಅಲ್ಲಿ ಚರ್ಚಿನ ಮುಂದಿನ ಬಯಲಿನಲ್ಲಿ ಶನಿವಾರ ಸಂತೆ. ಸೊಪ್ಪು ತರುತ್ತೇನೆಂದು ಮೊದಲ ವಾರ ಹೋದವಳು ಮಧ್ಯಾಹ್ನಕ್ಕೆ ವಾಪಸು ಬಂದೆ. ಕೆ.ಆರ್. ಪುರದ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆಗೆ ಮಣ್ಣಿದ್ದರೆ ಮಾರುವವನ ವಂಶವನ್ನೇ ವಿಚಾರಿಸುವ ನಾನು, ಅಲ್ಲಿ ಮಣ್ಣಾದ ಆಲೂಗಡ್ಡೆಯ ಫೋಟೋ ತೆಗೆದು ಹಲಸೂರಿನ ಅಕ್ಕಪಕ್ಕದವರಿಗೆಲ್ಲ ಕಳಿಸಿದೆ. ಒದ್ದೆ ಸಾಕ್ಸಿನ ವಾಸನೆಯ ಚೀಸನ್ನು ಚಾಕುವಿನ ತುದಿಯಲ್ಲಿ ಕೊಟ್ಟರೆ ಕಣ್ಣು ಮುಚ್ಚಿಕೊಂಡು ತಲೆದೂಗಿದೆ. ಅಭ್ಯಾಸಬಲದಿಂದ ಹುರುಳಿಕಾಯಿಯ ತುದಿ ಮುರಿದು ನೋಡಿದ್ದಕ್ಕೆ ಒಬ್ಬಾಕೆ ಬುಟ್ಟಿಯನ್ನೇ ಹಿಂದಕ್ಕೆಳೆದುಕೊಂಡಳು. ಅದೂ ನನಗೆ ಆ ದೇಶದ ಶಿಸ್ತಿನಂತೆ ಕಂಡಿತು.

ಹಣ್ಣಿನ ಅಂಗಡಿಯ ತಾತನಿಗೆ ಫೋನಿನಲ್ಲಿ ಮಗುವಿನ ಫೋಟೋ ತೋರಿಸಿ, ತಂಗಿಯದು ಎಂದು ಕೈಸನ್ನೆ ಮಾಡಿದೆ. ತಂಗಿಯ ಗಂಡನಿಗೆಂದು ತೂಗಿಸಿದ್ದ ಪೀಚ್ ಹಣ್ಣುಗಳ ಮೇಲೆ ಆತ ಬೇರೆ ಬುಟ್ಟಿಯಿಂದ ಆರಿಸಿದ ಒಂದು ದೊಡ್ಡ ಹಣ್ಣನ್ನು ಇಟ್ಟ. ತೂಕವಾದ ಮೇಲೆ ಮೇಲೊಂದು ಹಾಕಿದರೆ ನಮ್ಮಲ್ಲಿ ಅದು ಕೊಸರು. ಕೆ.ಆರ್. ಪುರದಲ್ಲಿ ನಾನು ಗಂಟಲು ಹರಿದುಕೊಂಡು ಪಡೆಯುವ ಕೊಸರು ಇಲ್ಲಿ ತಾನಾಗಿ ಬಂತು. ಕೊಸರು ಚೀಲ ಹೊತ್ತವರದು ಎಂದುಕೊಂಡು ಚರ್ಚಿನ ಬೆಂಚಿನ ಮೇಲೆ ಕೂತು ತಿಂದೆ. ಆತ ಬೆರಳಿನಿಂದ ಫೋನಿನ ಕಡೆ ತೋರಿಸಿದ್ದನ್ನು ನಾನು ನೋಡಲೇ ಇಲ್ಲ ಎಂದು ಹೇಳಲಾರೆ.

ಪ್ರತಿ ಶನಿವಾರವೂ ಹೀಗೇ ಆಯಿತು. ಮನೆಯಲ್ಲಿ ತಂಗಿ ಮೆಣಸಿನ ಸಾರನ್ನದ ಮುಂದೆ ಕೂತು ಹಣ್ಣಿನ ಚೀಲ ನೋಡುತ್ತಿದ್ದಳು.

"ಅಕ್ಕ, ಒಂದೇ ಒಂದು ಹೋಳು ಕೊಡೇ. ಇದು ಸಿಗೋದೇ ಈ ಬೇಸಿಗೇಲಿ. ಇನ್ನೇನು ಮುಗ್ದೋಗತ್ತೆ."

"ಮಗೂಗೆ ಶೀತ ಆಗತ್ತೆ. ಸುಮ್ನೆ ಊಟ ಮಾಡು."

"ವಾಸನೆ ನೋಡ್ಲಾ?"

"ಅದೂ ಬೇಡ."

ಹೇಳುವಾಗ ನನ್ನ ಬೆರಳುಗಳಿಗೇ ಆ ವಾಸನೆ ಇತ್ತು. ಸೆರಗಿನಡಿ ಕೈ ಇಟ್ಟುಕೊಳ್ಳುತ್ತಿದ್ದೆ.

ನಾನು ಹೊರಡುವ ವಾರ, ಮನೆಗೆ ಬಂದ ನರ್ಸಮ್ಮ ತಂಗಿಗೆ ನಡೆದಾಡು, ಹಣ್ಣು ತಿನ್ನು ಎಂದು ಹೇಳಿ ನನ್ನ ರಾಜ್ಯಭಾರ ಮುಗಿಸಿದಳು. ಶನಿವಾರ ತಂಗಿ ಮಗುವನ್ನು ಎದೆಗೆ ಕಟ್ಟಿಕೊಂಡು ನನ್ನ ಜೊತೆ ಸಂತೆಗೆ ಬಂದಳು. ಚೀಸಿನವನು ಕೈ ಬೀಸಿದ. ಬ್ರೆಡ್ಡಿನವಳು ಕರೆದು ಒಂದು ಚೂರು ಕೊಟ್ಟಳು.

"ಇವ್ರೆಲ್ಲ ನಿನ್ ನೆಂಟ್ರಾ?" ಎಂದಳು ತಂಗಿ.

ಹಣ್ಣಿನ ತಾತ ಮಗುವನ್ನು ನೋಡಿ ಅಂಗಡಿ ಬಿಟ್ಟು ಈಚೆಗೆ ಬಂದ. ಇಬ್ಬರೂ ಫ್ರೆಂಚಿನಲ್ಲಿ ಮಾತಾಡಿದರು. ತಂಗಿ ನನ್ನ ಕಡೆ ತಿರುಗಿದಳು.

"ವಾರ ವಾರ ಕಳ್ಸಿದ ಹಣ್ಣು ಚೆನ್ನಾಗಿತ್ತಾ ಅಂತ ಕೇಳ್ತಿದಾರೆ. ಬಾಣಂತಿಗೆ ಅಂತ್ಲೇ ಬೇರೆ ಎತ್ತಿಡ್ತಿದ್ರಂತೆ."

"ಅದು ಕೊಸರು ಕಣೇ."

"ಬಾಣಂತಿ ನಾನಲ್ವಾ?"

ನನ್ನ ಕಣ್ಣು ನಾನು ವಾರ ವಾರ ಕೂರುತ್ತಿದ್ದ ಚರ್ಚಿನ ಬೆಂಚಿನ ಕಡೆ ಹೋಯಿತು, ತಂಗಿಯ ಕಣ್ಣೂ ಅದರ ಹಿಂದೆಯೇ ಹೋಯಿತು. ತಂಗಿ ತಾತನಿಗೆ ನಗುತ್ತಾ ಏನೋ ಹೇಳಿದಳು.

"ಏನಂದೆ?"

"ತುಂಬ ಚೆನ್ನಾಗಿತ್ತು ಅಂದೆ. ಪಾಪ, ವಯಸ್ಸಾದೋರು."

ಆ 'ಪಾಪ' ನನ್ನ ಪಾಲಿಗಲ್ಲ ಎಂಬುದು ಗೊತ್ತಾಯಿತು. ತಾತ ಈ ಸಲ ಎರಡು ಹಣ್ಣು ಕೊಟ್ಟ. ತಂಗಿ ಅದೇ ಬೆಂಚಿನ ಮೇಲೆ ಕೂತು, ಮಗುವಿನ ತಲೆಯ ಮೇಲೆ ರಸ ಬೀಳದಂತೆ ಬಾಗಿ, ಒಂದನ್ನು ನಿಧಾನವಾಗಿ ತಿಂದಳು. ನಾನು ಅಭ್ಯಾಸದಂತೆ ಇನ್ನೊಂದಕ್ಕೆ ಕೈ ಚಾಚಿದೆ.

"ನಿಂಗ್ ಬೇಡ ಅಕ್ಕ. ಶೀತ ಆಗತ್ತೆ," ಎಂದು ಅವಳು ಅದನ್ನೂ ಕಚ್ಚಿದಳು.

ಈ ವರ್ಷ ತಂಗಿ ಮಗಳನ್ನು ಕರೆದುಕೊಂಡು ಹಲಸೂರಿಗೆ ಬಂದಿದ್ದಳು. ಕೆ.ಆರ್. ಪುರದಲ್ಲಿ ಸೀಬೆಹಣ್ಣಿನವಳು ಕೊಸರಿಗೆ ಒಂದು ಹಣ್ಣನ್ನು ಮಗುವಿನ ಕೈಗಿಟ್ಟಳು. ಮಗು ಅದನ್ನು ನನಗೆ ಚಾಚಿತು.

"ದೊಡ್ಡಮ್ಮಂಗೆ ಕೊಡ್ಬೇಡ ಪುಟ್ಟಿ," ಎಂದಳು ತಂಗಿ. "ಬೆಂಚ್ ಹುಡುಕ್ತಾಳೆ."