ಇಟ್ಟಮಡುವಿನಲ್ಲಿ ಕರೆಂಟ್ ಹೋದಾಗ

ಸಂಘಮಿತ್ರಾಳಿಗೆ ಮೌನವೆಂದರೆ ಮೈಮೇಲೆ ಜಿರಲೆ ಹರಿದ ಹಾಗೆ. ಇಟ್ಟಮಡುವಿನ ಮನೆಯಲ್ಲೇ ಕೂತು, ಮಕ್ಕಳ ಆಟಗಳನ್ನು ರೂಪಿಸುವ ಪುಟ್ಟ ತಂಡವೊಂದನ್ನು ನಡೆಸುತ್ತಿದ್ದಳು. ತಂಡದ ಹುಡುಗರಿಬ್ಬರಲ್ಲಿ ಸುಮೇಧ ಜಯನಗರದಲ್ಲಿ, ಕಿಟ್ಟಿ ಮಡಿವಾಳದಲ್ಲಿ. ಬಸ್ಸು ಹತ್ತಿದರೆ ಸಿಗುವಷ್ಟು ದೂರ, ಆದರೂ ಎರಡು ವರ್ಷದಿಂದ ಪರದೆಯಲ್ಲೇ ಭೇಟಿ. "ಏನಾದ್ರೂ ಹೊಸದು ಹೇಳ್ರಪ್ಪಾ" ಅನ್ನುವುದು, ಅವರು ಬಾಯಿ ತೆರೆಯುವಷ್ಟರಲ್ಲಿ ತಾನೇ ಹೇಳಿಬಿಡುವುದು, ಇದು ಅವಳ ಪದ್ಧತಿ. ಕೆಟ್ಟವಳಲ್ಲ ಪಾಪ, ತಡೆದುಕೊಳ್ಳಲಾರಳು, ಅಷ್ಟೆ.

ಅವತ್ತು ಮಧ್ಯಾಹ್ನ ಮೂರಕ್ಕೆ ಆಟಿಕೆ ಕಂಪನಿಗೆ ಹೊಸ ಆಟ ತೋರಿಸಬೇಕಿತ್ತು. ಹಿಂದಿನ ಎರಡನ್ನೂ ಅವರು "ಹಳೇದೇ ಅಲ್ವಾ ಮೇಡಂ" ಎಂದು ತಳ್ಳಿದ್ದರು. ಇದೂ ಹೋದರೆ ಕೆಲಸ ಬೇರೆಯವರ ಪಾಲು, ತಂಡ ಬಾಗಿಲು ಹಾಕಿದಂತೆಯೇ. ಹನ್ನೊಂದಾದರೂ ಪರದೆಯಲ್ಲಿ ಇಬ್ಬರೂ ಗುಮ್ಮನ ಹಾಗೆ ಕೂತಿದ್ದರು.

"ಬಾಯಲ್ಲೇನು ಕಡುಬು ಇಟ್ಕೊಂಡಿದೀರಾ?" ಎಂದು ರೇಗಿದಳು.

"ಮೇಡಂ, ಒಂದು ಬಸ್ ಆಟ..." ಎಂದ ಸುಮೇಧ.

"ಬಸ್ಸು ಎಲ್ಲಾರೂ ಮಾಡಿದಾರೆ ಕಣೋ, ನಾನ್ ಹೇಳ್ತೀನಿ ಕೇಳು" ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಅಯ್ಯೋ, ಆಮೇಲೆ ನೋಡಬೇಕಿತ್ತು ಅವಳ ಪರದಾಟ! ವೈಫೈ ಇಲ್ಲ, ಯುಪಿಎಸ್ ಕೆಟ್ಟು ವಾರವಾಗಿತ್ತು. ಮೊಬೈಲ್ ಹಿಡಿದು ಬಾಲ್ಕನಿಗೆ, ಅಲ್ಲಿಂದ ತಾರಸಿಗೆ. "ಅಂಡು ಸುಟ್ಟ ಬೆಕ್ಕಿನ ಹಂಗೆ ಓಡಾಡ್ಬೇಡ, ಕೂತ್ಕೊಳೆ" ಎಂದು ಅವ್ವ ಕೆಂಪಕ್ಕ ಬೈದರೂ ಕೇಳಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ನೀರಿನ ಟ್ಯಾಂಕಿನ ಪಕ್ಕ ಸಿಗ್ನಲ್ ಸಿಕ್ಕಿ ಮತ್ತೆ ವಿಡಿಯೊ ಕರೆಗೆ ಸೇರಿಕೊಂಡಳು. ಪರದೆ ತುಂಬ ಬಸ್ಸಿನ ಚಿತ್ರ, ಇಬ್ಬರ ಗಮನವೂ ಅದರ ಮೇಲೆ. ಇವಳು ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ.

"ಮಗೂನೇ ಕಂಡಕ್ಟರ್ ಗುರು! ಸ್ಟಾಪಿಗೆ ಹೆಸರೂ ಮಗೂನೇ ಇಡಲಿ. ಅಜ್ಜಿ ಮನೆ ಸ್ಟಾಪು, ಅಳೋ ಸ್ಟಾಪು, ಐಸ್‌ಕ್ರೀಂ ಸ್ಟಾಪು..." ಸುಮೇಧ ಒಂದೇ ಉಸಿರಿಗೆ ಹೇಳುತ್ತಿದ್ದ. ಎರಡು ವರ್ಷದಲ್ಲಿ ಅವನು ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ಸಖತ್ ಮಗಾ! ಬೇಗ ಬಿಡ್ಸು, ಮೇಡಂ ಬಂದ್ಬಿಟ್ರೆ ಹೋಯ್ತು" ಎಂದು ಕಿಟ್ಟಿ ನಕ್ಕ.

ಕೆನ್ನೆಗೆ ಬಾರಿಸಿದಂತಾಯಿತು. ಅವಮಾನ, ಸಿಟ್ಟು, ಅಳು ಮೂರೂ ಒಟ್ಟಿಗೆ ಬಂದವು. ಅದಕ್ಕಿಂತ ಸಂಕಟವೆಂದರೆ, ಆಟ ನಿಜಕ್ಕೂ ಚೆನ್ನಾಗಿತ್ತು. "ಬಸ್ಸಿಗೆ ಹಳದಿ ಬಣ್ಣ ಹಾಕ್ರೋ" ಎಂಬ ಮಾತು ನಾಲಿಗೆಯ ತುದಿಗೇ ಬಂತು. ತುಟಿ ಕಚ್ಚಿ ಫೋನ್ ಆಫ್ ಮಾಡಿದಳು.

ಕೆಳಗಿಳಿದಾಗ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಲ್ಯಾಪ್‌ಟಾಪಿನತ್ತ ಕೈ ಎರಡು ಸಲ ಹೋಯಿತು, ಎರಡು ಸಲವೂ ಹಿಂದಕ್ಕೆ ಬಂತು. ಕೊನೆಗೆ ಮೊಬೈಲ್ ಆನ್ ಮಾಡಿ ತಂಡದ ಗ್ರೂಪಿಗೆ ಬರೆದಳು:

"ನಮ್ಮನೇಲಿ ಇನ್ನೂ ಕರೆಂಟ್ ಬಂದಿಲ್ಲ. ಮೂರು ಗಂಟೆಗೆ ನೀವೇ ತೋರಿಸ್ಬಿಡಿ."